ಹಳೆಯ ಕಾರು ಮುಂದೆ ಹೋದರೆ ಮಾನ ಹೋಗುವುದೇ?

ಸಂಪಾದಕರಿಗೆ,

ಮಾನ್ಯರೇ,

ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು ಕಡೆಯ ರಸ್ತೆಗಳಲ್ಲಿ ಈಗಲೂ ಕಾಂಟೆಸ್ಸಾ ಕಾರು ಓಡಿಸುವವರು ಬೆರಳೆಣಿಕೆಯಷ್ಟು ಜನ ಇರಬಹುದು. ಅವರಲ್ಲಿ ನಾನೂ ಒಬ್ಬಳು. ಈ ಕಾರಿನ ದೆಸೆಯಿಂದ ಪೆಟ್ರೋಲ್ ಬಂಕಿನಿಂದ ಹಿಡಿದು ಕಲ್ಯಾಣ ಮಂಟಪದ ಅಂಗಳದವರೆಗೆ ನನ್ನ ಕಿವಿಗೆ ಬೀಳುವ ಮಾತುಗಳ ಬಗ್ಗೆ ದೂರು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಆಡಿಕೊಳ್ಳುವವರು ಆಡಿಕೊಳ್ಳಲಿ, ನನಗೂ ಅದರಲ್ಲಿ ಅಷ್ಟಿಷ್ಟು ಮೋಜಿದೆ. ಆದರೆ ಅದೇ ತಮಾಷೆ ಓಡುವ ರಸ್ತೆಯ ಮೇಲೆ ಹಟವಾಗಿ ಮಾರ್ಪಟ್ಟು, ‘ಈ ಹಳೇ ಡಬ್ಬ ನನ್ನನ್ನು ದಾಟಿ ಹೋಗುವುದೇ?’ ಎಂಬ ಛಲದಲ್ಲಿ ಚಾಲಕರು ಆಕ್ಸಿಲರೇಟರ್ ಒತ್ತುವುದನ್ನು ಮತ್ತೆ ಮತ್ತೆ ನೋಡಿದ ಮೇಲೆ, ಈ ವಿಚಾರ ನಾಲ್ಕು ಜನರ ಗಮನಕ್ಕೆ ಬರಬೇಕೆಂದು ಅನ್ನಿಸಿತು.

ಕಾಂಟೆಸ್ಸಾವನ್ನು ಹತ್ತಿರದಿಂದ ನೋಡಿರದ ಕಿರಿಯ ಓದುಗರಿಗಾಗಿ ಅದರ ಪರಿಚಯ ಹೇಳಬೇಕು. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ಕಂಪನಿಯೇ 1984ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ ಈ ಕಾರನ್ನು ಹೊರತಂದಿತು. ಮೂಲ ವಿನ್ಯಾಸ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನದು. ಆ ಮಾದರಿ ಅಲ್ಲಿ 1972ರಲ್ಲಿಯೇ ಬಂದು ಕಾಲ ಮುಗಿಸಿಕೊಂಡು ಹೋಗಿದ್ದರಿಂದ, ನಮ್ಮ ಕಾಂಟೆಸ್ಸಾ ಹುಟ್ಟುವಾಗಲೇ ಹಳೆಯ ಕಾಲದ್ದಾಗಿತ್ತು ಎಂದರೆ ತಪ್ಪಲ್ಲ. ಅಷ್ಟು ದೊಡ್ಡ ದೇಹಕ್ಕೆ ಮೊದಲು ಕೂರಿಸಿದ್ದು ಅಂಬಾಸಿಡರಿನದೇ 1489 ಸಿಸಿ ಎಂಜಿನ್. ಅದರ ಶಕ್ತಿ ಸುಮಾರು 50 ಅಶ್ವಶಕ್ತಿ ಮಾತ್ರ. ಆ ಕಾರು ಏರು ಹತ್ತುವಾಗ ಏದುಸಿರು ಬಿಡುತ್ತಿದ್ದುದು ನಿಜ, ಅದನ್ನು ಕಂಡವರ ನೆನಪಿನಲ್ಲಿ ಕಾಂಟೆಸ್ಸಾ ಎಂದರೆ ನಿಧಾನ ಎಂಬುದು ಗಟ್ಟಿಯಾಗಿ ಕೂತುಬಿಟ್ಟಿದೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಕಂಪನಿಯವರು ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ತಂದು ಕೂರಿಸಿ ‘ಕಾಂಟೆಸ್ಸಾ ಕ್ಲಾಸಿಕ್’ ಎಂದು ಹೆಸರಿಟ್ಟರು. ಶಕ್ತಿ ಸುಮಾರು 88 ಅಶ್ವಶಕ್ತಿಗೆ ಏರಿತು. ಮಾರುತಿ 800ರ 796 ಸಿಸಿ ಎಂಜಿನ್ನೇ ಚುರುಕು ಎನಿಸಿದ್ದ ಆ ದಿನಗಳಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಆದರೆ ಹೊರಗಿನ ರೂಪ ಹೆಚ್ಚೇನೂ ಬದಲಾಗಲಿಲ್ಲ. ನಿಧಾನದ ಕಾರಿಗೂ ಚುರುಕಿನ ಕಾರಿಗೂ ಒಂದೇ ಮುಖ. 2002ರಲ್ಲಿ ತಯಾರಿಕೆ ನಿಲ್ಲುವವರೆಗೂ ಈ ಗೊಂದಲ ಹಾಗೆಯೇ ಉಳಿಯಿತು, ನನ್ನನ್ನು ರೇಗಿಸುವವರ ತಲೆಯಲ್ಲಿ ಇಂದಿಗೂ ಇದೆ. ನಮ್ಮದು ಇಸುಜು ಎಂಜಿನ್ನಿನ ಕಾರು. ಕಾಫಿ ಬೆಲೆ ಒಳ್ಳೆಯದಿದ್ದ ಒಂದು ವರ್ಷ ನನ್ನ ತಂದೆ ಕೊಂಡದ್ದು.

ಅದರ ಉದ್ದವೇ ಮೊದಲ ನಗೆಪಾಟಲು. ನಾಲ್ಕೂವರೆ ಮೀಟರಿಗೂ ಮಿಗಿಲಾದ ಈ ಕಾರನ್ನು ಮಹಾತ್ಮ ಗಾಂಧಿ ರಸ್ತೆಯ ಬದಿಯಲ್ಲಿ ನಿಲ್ಲಿಸಿದರೆ ಅಕ್ಕಪಕ್ಕದ ಕಾರುಗಳೆಲ್ಲ ಮೊಂಡಾಗಿ ಕಾಣುತ್ತವೆ. ಅವು ಮೊಂಡಾಗಿರುವುದಕ್ಕೆ ಕಾರಣ ನೋಡುವವರ ಅಭಿರುಚಿಗಿಂತ ಹೆಚ್ಚಾಗಿ ಸರ್ಕಾರದ ತೆರಿಗೆ. 2006ರ ಕೇಂದ್ರ ಬಜೆಟ್ಟಿನಲ್ಲಿ, ಉದ್ದ ನಾಲ್ಕು ಮೀಟರಿನೊಳಗಿದ್ದು ಎಂಜಿನ್ನೂ ಚಿಕ್ಕದಾಗಿರುವ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಅಂದಿನಿಂದ ತಯಾರಕರು ಡಿಕ್ಕಿಯನ್ನು ಕತ್ತರಿಸಿ ಕತ್ತರಿಸಿ ನಾಲ್ಕು ಮೀಟರಿನೊಳಗೆ ತುರುಕತೊಡಗಿದರು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ದರ ಬದಲಾದಾಗಲೂ ಅದೇ ಅಳತೆಯೇ ಉಳಿಯಿತು: ಆ ಮಿತಿಯೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18, ಮೀರಿದ್ದಕ್ಕೆ ಶೇ 40. ಹೀಗಾಗಿ ಉದ್ದನೆಯ ಬಾನೆಟ್, ಉದ್ದನೆಯ ಡಿಕ್ಕಿ ಇರುವ ಸೆಡಾನ್ ಎಂಬುದನ್ನೇ ನೋಡದೆ ಬೆಳೆದ ಹುಡುಗರಿಗೆ ನನ್ನ ಕಾರು ವಿಚಿತ್ರವಾಗಿ ಕಂಡರೆ ಅದು ಅವರ ತಪ್ಪಲ್ಲ.

ರೇಗಿಸುವುದರಲ್ಲಿ ಬಗೆಬಗೆಗಳಿವೆ. ಪೆಟ್ರೋಲ್ ಬಂಕಿನ ಹುಡುಗನಿಗೆ ಮೈಲೇಜಿನ ಚಿಂತೆ. ಲೀಟರಿಗೆ ಒಂಬತ್ತೋ ಹತ್ತೋ ಎಂದರೆ ಅವನು ಮೀಟರನ್ನೂ ನನ್ನನ್ನೂ ಒಂದೇ ಕನಿಕರದಿಂದ ನೋಡುತ್ತಾನೆ. ನೆಂಟರ ಮನೆಯ ಗಂಡು ಮಕ್ಕಳು ‘ಅತ್ತೆ, ವಿಲನ್ ಇಳಿಯೋದು ಯಾವಾಗ?’ ಎಂದು ಹಿಂದಿನ ಬಾಗಿಲು ತೆರೆದು ನೋಡುತ್ತಾರೆ, ಏಕೆಂದರೆ ಹಳೆಯ ಸಿನಿಮಾಗಳಲ್ಲಿ ಖಳನಾಯಕರು ಬಂದಿಳಿಯುತ್ತಿದ್ದುದು ಬಹುಪಾಲು ಇಂಥ ಕಾರಿನಲ್ಲಿಯೇ. ತೋಟದ ಸಾಲಿನ ಹಿರಿಯರೊಬ್ಬರಂತೂ ನನ್ನನ್ನು ಕಂಡಾಗಲೆಲ್ಲ ‘ಎಂತ ಮಾರಾಯ್ತಿ, ಇದನ್ನ ಗುಜರಿಗೆ ಹಾಕಕ್ಕೂ ಒಂದು ಲಾರಿ ಬೇಕಲ್ಲ’ ಎನ್ನುತ್ತಾರೆ. ಆ ಮಾತಿಗೆ ಅವರೇ ಮೊದಲು ನಗುತ್ತಾರೆ, ಆಮೇಲೆ ನಾವೆಲ್ಲ ನಗುತ್ತೇವೆ. ಹೆಂಗಸು ಓಡಿಸುತ್ತಾಳೆ ಎಂಬುದಕ್ಕೆ ಬೇರೆಯೇ ಒಂದು ಕಂತು ಇದೆ. ಪವರ್ ಸ್ಟೀರಿಂಗ್ ಇಲ್ಲದ ಈ ಕಾರನ್ನು ಸಂತೆಯ ದಿನ ಇಕ್ಕಟ್ಟಿನಲ್ಲಿ ತಿರುಗಿಸುವಾಗ ತೋಳಿಗೆ ಸಾಕಾಗುತ್ತದೆ ಎಂಬುದು ನಿಜ. ಆದರೆ ಪಕ್ಕದಲ್ಲಿ ನಿಂತು ‘ಮೇಡಂ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಕೈಸನ್ನೆ ಮಾಡುವ ಅಪರಿಚಿತರು, ಪಕ್ಕದ ಜಾಗದಲ್ಲಿ ನನಗಿಂತ ಹೆಚ್ಚು ಪರದಾಡುತ್ತಿರುವ ಗಂಡಸರ ಕಡೆ ತಿರುಗಿಯೂ ನೋಡುವುದಿಲ್ಲ.

ಇಷ್ಟಕ್ಕೆ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ.

ಈ ಕಾರಿನ ಪಿಕಪ್ ಬಗ್ಗೆ ಒಂದು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಇಂದಿನ ಟರ್ಬೊ ಎಂಜಿನ್ನಿನ ಕಾರುಗಳು ಮನಸ್ಸು ಮಾಡಿದರೆ ಇದನ್ನು ಕ್ಷಣದಲ್ಲಿ ಹಿಂದೆ ಹಾಕುತ್ತವೆ, ಅದರಲ್ಲಿ ವಾದವಿಲ್ಲ. ಆದರೆ ಜನ ಅಂದುಕೊಂಡಷ್ಟು ಇದು ಸೋಮಾರಿಯಲ್ಲ. ಎಂಜಿನ್ನಿನ ಗಾತ್ರ ದೊಡ್ಡದಿರುವುದರಿಂದ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿದ್ದಾಗ ಕಾಲು ಒತ್ತಿದರೆ, ಮತ್ತೊಂದು ಗೇರು ಇಳಿಸುವ ಗೋಜಿಲ್ಲದೆ, ಅದು ನೇರವಾಗಿ ಎಪ್ಪತ್ತಕ್ಕೆ ಏರುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಾದ್ದರಿಂದ, ಏರು ಹತ್ತುವಾಗ ಭಾರ ಹಿಂದಕ್ಕೆ ಸರಿದಷ್ಟೂ ಆ ಚಕ್ರಗಳ ಹಿಡಿತ ಬಿಗಿಯಾಗುತ್ತದೆ. ಆಲ್ದೂರಿನ ಕಡೆಯಾಗಲಿ ಮೂಡಿಗೆರೆಯ ಕಡೆಯಾಗಲಿ ಏರು ಬಂದಾಗ, ಮುಂದಿರುವ ಸಣ್ಣ ಎಂಜಿನ್ನಿನ ಕಾರು ಐದು ಜನರನ್ನೂ ಅವರ ಚೀಲಗಳನ್ನೂ ಹೊತ್ತು ತಿಣುಕುತ್ತಿರುವ ಹೊತ್ತಿನಲ್ಲಿ, ನನ್ನ ಕಾರಿನಲ್ಲಿ ಇನ್ನೂ ಅರ್ಧ ಕಾಲಿನ ಶಕ್ತಿ ಉಳಿದಿರುತ್ತದೆ. (ಅದೇ ಕಾರು ಮಳೆಗಾಲದ ಇಳಿಜಾರಿನ ತಿರುವಿನಲ್ಲಿ ಹಿಂಭಾಗವನ್ನು ಆಡಿಸುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಆಗ ನಾನು ಆಮೆಯಂತೆ ಹೋಗುತ್ತೇನೆ, ಹಿಂದಿನವರಿಗೆಲ್ಲ ಸೈಡ್ ಕೊಡುತ್ತೇನೆ.)

ಇನ್ನು ನಡೆದ ಸಂಗತಿ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬರುವಾಗ ನನ್ನ ಮುಂದೆ ಎತ್ತರದ ಹೊಸ ಬಿಳಿ ಗಾಡಿಯೊಂದು, ತೋಟಗಳ ಫೋಟೊ ತೆಗೆದುಕೊಳ್ಳುತ್ತ ನಿಧಾನವಾಗಿ ಸಾಗುತ್ತಿತ್ತು. ಬಹಳ ಹೊತ್ತು ಹಿಂದೆಯೇ ಇದ್ದು, ನೇರ ರಸ್ತೆ ಬಂದಾಗ ಡಿಪ್ ಹೊಡೆದೆ. ಚಾಲಕ ಸೌಜನ್ಯದಿಂದಲೇ ಎಡಕ್ಕೆ ಸರಿದು ಕೈ ತೋರಿಸಿದ. ನಾನು ಬಲಕ್ಕೆ ಹೊರಳಿ ಅವನ ಹಿಂದಿನ ಬಾಗಿಲಿನ ಸಮಕ್ಕೆ ಬಂದೆ. ಅಲ್ಲಿಂದ ಆತನಿಗೆ ನನ್ನ ಉದ್ದನೆಯ ಬಾನೆಟ್ ಕಂಡಿರಬೇಕು. ಒಳಗಿದ್ದವರು ನಗುತ್ತ ಕಿಟಕಿಗೆ ಮುಖವಿಟ್ಟರು, ಒಬ್ಬ ಮೊಬೈಲ್ ಎತ್ತಿ ಹಿಡಿದ; ಮರುಕ್ಷಣವೇ ಆ ಗಾಡಿ ಗುಡುಗುಟ್ಟಿ ವೇಗ ಹೆಚ್ಚಿಸಿತು. ಎದುರಿನ ತಿರುವಿನಿಂದ ಕೆಂಪು ಬಸ್ಸೊಂದು ಹೊರಳಿ ಬಂತು. ನಾನು ಬ್ರೇಕ್ ಒತ್ತಿ ಅವನ ಹಿಂದಕ್ಕೆ ಸರಿದುಕೊಂಡೆ. ಬಸ್ಸಿನ ಚಾಲಕ ದೀಪ ಮಿನುಗಿಸಿ ಬೈದುಕೊಂಡೇ ಹೋದರು, ಬೈಗುಳ ನನ್ನ ಪಾಲಿಗೇ ಬಂತು. ಮುಂದೆ ಒಂದು ಕಾಫಿ ಹೋಟೆಲಿನ ಎದುರು ಆ ಬಿಳಿ ಗಾಡಿ ನಿಂತಿದ್ದನ್ನು ಕಂಡು ನಾನೂ ನಿಲ್ಲಿಸಿದೆ. ಹುಡುಗ ಒರಟನೇನಲ್ಲ. ‘ಸಾರಿ ಆಂಟಿ’ ಎಂದ. ‘ಆದ್ರೆ ಕಾಂಟೆಸ್ಸಾ ನಮ್ಮನ್ನ ಓವರ್‌ಟೇಕ್ ಮಾಡ್ತು ಅಂತ ಇವರು ಬೆಂಗಳೂರು ತಲುಪೋವರೆಗೂ ಗೋಳು ಹುಯ್ಕೋತಿದ್ರು’ ಎಂದು ಜೊತೆಯವರ ಕಡೆ ಕೈ ತೋರಿಸಿದ. ಜೊತೆಯವರು ಹೌದೆಂದು ತಲೆಯಾಡಿಸಿದರು.

ಅವನ ಮಾತಿನಲ್ಲಿದ್ದ ಪ್ರಾಮಾಣಿಕತೆಯೇ ನನ್ನನ್ನು ಯೋಚನೆಗೆ ಹಚ್ಚಿತು. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ರಸ್ತೆ ತನ್ನದೆಂಬ ಸೊಕ್ಕೂ ಇರಲಿಲ್ಲ. ಇದ್ದದ್ದು ನಗೆಗೀಡಾಗುವ ಭಯ. ಅದೇ ಜಾಗದಲ್ಲಿ ದುಬಾರಿ ಜರ್ಮನ್ ಕಾರು ದಾಟಿ ಹೋಗಿದ್ದರೆ ಅವರೆಲ್ಲ ಅದರ ಹೆಸರು ಹೇಳಿಕೊಂಡು ಖುಷಿಪಡುತ್ತಿದ್ದರು. ಈ ಅನುಭವ ನನ್ನೊಬ್ಬಳದಲ್ಲ. ಹಳೆಯ ಎಸ್ಟೀಮ್, ಹಳೆಯ ಅಂಬಾಸಿಡರ್ ಓಡಿಸುವ ಪರಿಚಿತರೂ ಇದನ್ನೇ ಹೇಳುತ್ತಾರೆ. ಹೊರಗಿನಿಂದ ಬರುವವರನ್ನೇ ದೂರುವುದೂ ಸರಿಯಲ್ಲ, ಏಕೆಂದರೆ ಕೆಎ 18 ಫಲಕದ ನಮ್ಮೂರ ಗಾಡಿಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಆದ್ದರಿಂದ ಲೆಕ್ಕ ಹಾಕದೆ ಇರಲಾರೆ. ಮುಂದಿನ ಗಾಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದೆ, ಅದನ್ನು ದಾಟುವವರು 60ರಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ದಾಟುವ ಮುನ್ನ ಇರುವ ಅಂತರ, ದಾಟಿದ ಮೇಲೆ ಬಿಡಬೇಕಾದ ಅಂತರ, ಎರಡೂ ಗಾಡಿಗಳ ಉದ್ದ ಎಲ್ಲ ಸೇರಿ ಸುಮಾರು 50 ಮೀಟರ್. ವೇಗದ ವ್ಯತ್ಯಾಸ 20 ಕಿಲೋಮೀಟರ್ ಇರುವಾಗ ಈ 50 ಮೀಟರ್ ಗಳಿಸಲು 9 ಸೆಕೆಂಡ್ ಬೇಕು. ಅಷ್ಟರಲ್ಲಿ ದಾಟುವ ಗಾಡಿ ರಸ್ತೆಯ ತಪ್ಪು ಬದಿಯಲ್ಲಿ 150 ಮೀಟರ್ ಓಡಿರುತ್ತದೆ. ಎದುರಿನಿಂದ ಬರುವ ಬಸ್ಸೂ 60ರಲ್ಲಿದ್ದರೆ ಅದೂ 150 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಹೊರಳುವಾಗ ಕಣ್ಣಿಗೆ ಕನಿಷ್ಠ 300 ಮೀಟರ್ ಖಾಲಿ ರಸ್ತೆ ಕಾಣಬೇಕು. ಇದನ್ನು ಅಂದಾಜು ಮಾಡಿಯೇ ತಿಳಿದ ಚಾಲಕರು ಬಲಕ್ಕೆ ಹೊರಳುತ್ತಾರೆ. ಈಗ ಮುಂದಿನ ಗಾಡಿಯವನು ಹಟಕ್ಕೆ ಬಿದ್ದು 40ರಿಂದ 50ಕ್ಕೆ ಏರಿದನೆನ್ನಿ, ಹತ್ತೇ ಕಿಲೋಮೀಟರ್. ವ್ಯತ್ಯಾಸ ಅರ್ಧಕ್ಕಿಳಿಯಿತು, 9 ಸೆಕೆಂಡ್ 18 ಆಯಿತು, 300 ಮೀಟರ್ 600 ಆಯಿತು. ಮೂಡಿಗೆರೆ ರಸ್ತೆಯಲ್ಲಾಗಲಿ, ಬಾಳೆಹೊನ್ನೂರಿನ ಕಡೆಯಾಗಲಿ, ಒಂದೇ ನೋಟಕ್ಕೆ 600 ಮೀಟರ್ ನೇರ ರಸ್ತೆ ಎಷ್ಟು ಕಡೆ ಇದೆ ಎಂದು ಆ ದಾರಿಯಲ್ಲಿ ಓಡಾಡುವವರೇ ಹೇಳಲಿ. ಅಂದಾಜು ಮಾಡಿ ಹೊರಳಿದವಳ ಲೆಕ್ಕವನ್ನು ಪಕ್ಕದವನು ನಡುವೆ ಬದಲಾಯಿಸಿದರೆ, ಅವಳ ಎಚ್ಚರಿಕೆಗೆ ಬೆಲೆಯೇ ಉಳಿಯುವುದಿಲ್ಲ. ಪಿಕಪ್ ಇರುವ ಕಾರಿನಿಂದ ಆಗುವ ನಿಜವಾದ ಉಪಯೋಗವೂ ಇಲ್ಲಿಯೇ ಇದೆ: 60ರ ಬದಲು 70ರಲ್ಲಿ ದಾಟಿದರೆ 9 ಸೆಕೆಂಡಿನ ಕೆಲಸ 6 ಸೆಕೆಂಡಿನಲ್ಲಿ ಮುಗಿಯುತ್ತದೆ, ತಪ್ಪು ಬದಿಯಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚಿಗೆ ಹೋಗುವ ಆಸೆ ನನಗಿಲ್ಲ. ಇಂಥ ರಸ್ತೆಗಳಲ್ಲಿ ಕಾರುಗಳಿಗೆ 2018ರ ಕೇಂದ್ರ ಅಧಿಸೂಚನೆ ಹಾಕಿರುವ ಮಿತಿಯೂ ಗಂಟೆಗೆ 70 ಕಿಲೋಮೀಟರೇ.

ಇದು ಬರೀ ಸೌಜನ್ಯದ ಪ್ರಶ್ನೆಯೂ ಅಲ್ಲ. ಇನ್ನೊಂದು ವಾಹನ ತನ್ನನ್ನು ದಾಟುತ್ತಿರುವಾಗ ಚಾಲಕ ವೇಗ ಹೆಚ್ಚಿಸಬಾರದು, ದಾಟುವುದಕ್ಕೆ ಯಾವ ರೀತಿಯಲ್ಲೂ ಅಡ್ಡಿ ಮಾಡಬಾರದು ಎಂದು 1989ರ ರಸ್ತೆ ನಿಯಮಗಳಲ್ಲಿಯೇ ಹೇಳಲಾಗಿತ್ತು. ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲಿಯೂ ಅದು ಉಳಿದಿದೆ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಶಿಕ್ಷೆಯೇ ಇದೆ, 2019ರ ತಿದ್ದುಪಡಿ ಅದನ್ನು ಹೆಚ್ಚಿಸಿದೆ. ಆದರೆ ಹೆಲ್ಮೆಟ್ಟಿಗೆ, ಸೀಟ್ ಬೆಲ್ಟಿಗೆ ಬಿದ್ದಷ್ಟು ದಂಡ ಇದಕ್ಕೆ ಬಿದ್ದದ್ದನ್ನು ನಾನು ಕೇಳಿಲ್ಲ. ಪೊಲೀಸರು ನಿಲ್ಲುವುದು ವೃತ್ತಗಳಲ್ಲಿ, ಇದು ನಡೆಯುವುದು ತೋಟಗಳ ನಡುವಿನ ನಿರ್ಜನ ರಸ್ತೆಯಲ್ಲಿ. ಇದರಲ್ಲಿ ಅವರನ್ನು ಹೆಚ್ಚು ದೂರಲಾರೆ.

ನನ್ನ ಕಾರಿನ ಬಗ್ಗೆ ಎತ್ತಬಹುದಾದ ನ್ಯಾಯವಾದ ಆಕ್ಷೇಪಗಳೂ ಇವೆ. ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ, 2019ರಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿರುವ ಎಬಿಎಸ್ ಇಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕುಗಳು. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರ ಕಚ್ಚಿಕೊಂಡು ಕಾರು ಜಾರುತ್ತದೆ. ಆದ್ದರಿಂದಲೇ ನಾನು ಮುಂದಿನವರಿಂದ ಹೊಸ ಕಾರಿನವರಿಗಿಂತ ಹೆಚ್ಚು ಅಂತರ ಬಿಡುತ್ತೇನೆ, ಆ ಅಂತರದೊಳಕ್ಕೆ ಬೈಕಿನವರು ನುಗ್ಗಿದಾಗ ಮತ್ತೆ ಹಿಂದೆ ಸರಿಯುತ್ತೇನೆ. ಹೊಗೆಯ ವಿಚಾರದಲ್ಲಿ ನನ್ನ ಕಾರು ಇಂದಿನ ಮಾನದಂಡದ ಹತ್ತಿರಕ್ಕೂ ಬರುವುದಿಲ್ಲ ಎಂಬುದು ಸತ್ಯ. ತಪಾಸಣೆ ಪ್ರಮಾಣಪತ್ರ ಇದೆ, ಹಸಿರು ತೆರಿಗೆ ಕಟ್ಟಿದೆ, ಓಡಾಟವೂ ಕಡಿಮೆ. ‘ಹದಿನೈದು ವರ್ಷವಾದ ಮೇಲೆ ಇದನ್ನು ರಸ್ತೆಗಿಳಿಸುವುದೇ ಅಪರಾಧವಲ್ಲವೇ?’ ಎಂದು ಕೇಳುವವರು ದೆಹಲಿಯ ಸುತ್ತಮುತ್ತ ಇರುವ ನಿರ್ಬಂಧವನ್ನು ಇಡೀ ದೇಶಕ್ಕೆ ಅನ್ವಯಿಸಿಕೊಂಡಿದ್ದಾರೆ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರನ್ನು ಆರ್‌ಟಿಒ ಕಚೇರಿಗೆ ತೋರಿಸಿ, ಎಫ್‌ಸಿ ಮಾಡಿಸಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. ಅದರ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ ಕಾರುಗಳಿಗೆ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದ್ದರು. 20 ವರ್ಷ ದಾಟಿದವುಗಳಿಗೆ 2025ರಲ್ಲಿ 10,000 ರೂಪಾಯಿ ಮಾಡಿದ್ದಾರೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನೂ ಕಾರ್ಬುರೇಟರಿನ ವಾಷರುಗಳನ್ನೂ ತಿನ್ನುತ್ತದೆಂದು ನಮ್ಮ ಮೆಕ್ಯಾನಿಕ್ ಅವನ್ನೆಲ್ಲ ಬದಲಾಯಿಸಿದ್ದಾರೆ. ಇಷ್ಟೆಲ್ಲ ಖರ್ಚು ಮಾಡಿ ಹಳೆಯ ಕಾರು ಇಟ್ಟುಕೊಳ್ಳುವುದು ಹುಚ್ಚು ಎಂದರೆ ಒಪ್ಪುತ್ತೇನೆ. ಆದರೆ ಆ ಹುಚ್ಚಿಗೂ ಎದುರು ಬರುವ ಬಸ್ಸಿಗೂ ಸಂಬಂಧವಿಲ್ಲ.

ವೇಗದ ಚಪಲ ತೀರಿಸಿಕೊಳ್ಳಬೇಕೆನ್ನುವವರಿಗೆ ನಮ್ಮ ಜಿಲ್ಲೆಯಲ್ಲಿ ದಾರಿ ಇಲ್ಲವೆಂದೂ ಅಲ್ಲ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತುಗಳು ಇಲ್ಲಿನ ಕಾಫಿ ತೋಟಗಳ ಮಣ್ಣಿನ ರಸ್ತೆಗಳಲ್ಲಿ ನಡೆದಿವೆ. ಅಲ್ಲಿ ಜನರ ಓಡಾಟ ನಿಲ್ಲಿಸಿ, ಹೆಲ್ಮೆಟ್ ತೊಡಿಸಿ, ಒಂದೊಂದೇ ಕಾರನ್ನು ಅಂತರ ಬಿಟ್ಟು ಗಡಿಯಾರ ನೋಡಿ ಬಿಡುತ್ತಾರೆ. ಅಷ್ಟು ವೇಗದವರೂ ತಿರುವಿನಲ್ಲಿ ಪಕ್ಕಪಕ್ಕ ನುಗ್ಗಿ ಹೋರಾಡುವುದಿಲ್ಲ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಡ್ರೈವಿಂಗ್ ಸ್ಕೂಲಿನವರು ಇನ್ನೊಂದು ಗಾಡಿಯನ್ನು ದಾಟುವುದು ಹೇಗೆ ಎಂದು ಕಲಿಸುತ್ತಾರೆ. ಇನ್ನೊಬ್ಬರು ದಾಟುವಾಗ ತಾವು ಹೇಗಿರಬೇಕು ಎಂಬುದನ್ನೂ ಅದರ ಜೊತೆಗೇ ಕಲಿಸಲಿ: ವೇಗ ಏರಿಸದೆ, ಎಡಕ್ಕೆ ಸರಿದು, ಬೇಕಾದರೆ ಕಾಲು ತುಸು ಸಡಿಲಿಸಬೇಕೆಂದು. ಕಲಿಕಾ ಲೈಸೆನ್ಸಿನ ಪರೀಕ್ಷೆಗೆ ಕುಳಿತ ಪ್ರತಿಯೊಬ್ಬರಿಗೂ ಈ ಪ್ರಶ್ನೆ ತಪ್ಪದೆ ಬರುವಂತಾಗಲಿ. ಘಟ್ಟದ ತಿರುವುಗಳಲ್ಲಿ ರಸ್ತೆಯ ನಡುವಿನ ಅಖಂಡ ಗೆರೆ ಒಂದೇ ಮಳೆಗಾಲಕ್ಕೆ ಅಳಿಸಿಹೋಗಿ, ಎಲ್ಲಿ ದಾಟಬಹುದು ಎಲ್ಲಿ ದಾಟಬಾರದು ಎಂಬುದು ಹೊಸಬರಿಗೆ ತಿಳಿಯದಂತಾಗುತ್ತದೆ. ದಸರಾ ರಜೆಯ ಪ್ರವಾಸಿಗರ ದಟ್ಟಣೆ ಶುರುವಾಗುವುದರೊಳಗೆ ಆ ಗೆರೆಗಳನ್ನು, ಕನಿಷ್ಠ ಮೂಡಿಗೆರೆ ಮತ್ತು ಬಾಳೆಹೊನ್ನೂರು ರಸ್ತೆಗಳ ತಿರುವುಗಳಲ್ಲಾದರೂ, ಪ್ರತಿ ವರ್ಷ ಮತ್ತೆ ಎಳೆಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಉಪನ್ಯಾಸಕಿ, ಚಿಕ್ಕಮಗಳೂರು